ಟಾರ್ಚ್ ಹಿಡಿಯುವವನ ಗೋಳು

ಶನಿವಾರ ಬೆಳಗ್ಗೆ ಚಟ್ನಿಗೆ ತೆಂಗಿನತುರಿ ತೆಗೆಯಲು ಫ್ರೀಜರ್ ಬಾಗಿಲು ತೆಗೆದ ಹೆಂಡತಿ "ಇದೇನ್ರೀ ಇದು?" ಅಂತ ಕೂಗಿದಳು. ಬಾಯಿ ತೆರೆದ ತುರಿಯ ಪ್ಯಾಕೆಟ್ಟಿನ ಮೇಲೆ ಒಂದು ಅಲ್ಯೂಮಿನಿಯಂ ಕೊಳವೆ ಆರಾಮಾಗಿ ಮಲಗಿತ್ತು. ನನ್ನದಲ್ಲ, ಪಕ್ಕದ ಬೀದಿಯ ಗೆಳೆಯನದು. ಅವನ ಹೆಂಡತಿ ಅದನ್ನು ತಮ್ಮ ಮನೆ ಫ್ರೀಜರ್‌ನಿಂದ ಗಡೀಪಾರು ಮಾಡಿದ್ದರು.

ಇಲ್ಲಿ ಟೆಕ್ಸಾಸ್‌ನಲ್ಲಿ ಗ್ಯಾರೇಜಿನಲ್ಲೇ ವಿಮಾನ ಕಟ್ಟುವ ಜನ ಇದ್ದಾರೆ. ಅರ್ಧಕ್ಕಿಂತ ಜಾಸ್ತಿ ಕೆಲಸ ಹವ್ಯಾಸಿಗಳೇ ಮಾಡಿರಬೇಕು ಅನ್ನುವುದು ಕಾನೂನು. ನಮ್ಮವನಿಗೆ ಅದೂ ಸಾಲದು. ಎಂಜಿನ್ ಹಳೇ ಮಾಜ್ದಾ ಕಾರಿನ 13ಬಿ ರೋಟರಿಯೇ ಆಗಬೇಕು. ಊರಲ್ಲಿರುವ ಅಮ್ಮನಿಗೆ ಫೋನಲ್ಲಿ "ಅವನು ರೋಟರಿ ಕೆಲಸದಲ್ಲಿ ಬಿಜಿ" ಅಂದೆ. "ಒಳ್ಳೇದಾಯ್ತು ಬಿಡು, ಕಣ್ಣಿನ ಕ್ಯಾಂಪ್ ಮಾಡ್ತಾನಾ?" ಅಂದಳು.

ಈ ಎಂಜಿನ್‌ಗೆ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಹೊಟ್ಟೆ ಉಬ್ಬಿದ ತ್ರಿಕೋನದಂಥ ರೋಟರ್ ಹೌಸಿಂಗ್ ಅನ್ನುವ ಗೂಡಿನೊಳಗೆ ಸುತ್ತುತ್ತದೆ, ಪಕ್ಕದ ಗೋಡೆಯ ತೂತಿನಿಂದ ಗಾಳಿ ಒಳಗೆ ಬರುತ್ತದೆ. ಇವನಿಗೆ ಆ ತೂತು ಚಿಕ್ಕದು. ಹೌಸಿಂಗ್‌ನ ಬೆನ್ನಿಗೇ ಹೊಸದು ಕೊರೆದು ಕೊಳವೆ ತೂರಿಸಬೇಕಂತೆ. ಪೆರಿಫೆರಲ್ ಪೋರ್ಟ್! 1991ರಲ್ಲಿ ಫ್ರಾನ್ಸಿನ ಲ ಮಾನ್ಸ್ ಕಾರ್ ರೇಸ್ ಗೆದ್ದ ಮಾಜ್ದಾ 787ಬಿಗೂ ಇದೇ ಇತ್ತು ಅನ್ನುವುದನ್ನು ಪ್ರತಿ ಕಾಫಿಗೂ ಕೇಳಿದ್ದೇನೆ. ಕಾರಿಗೆ ಹಾಕಿದರೆ ಸಿಗ್ನಲ್‌ನಲ್ಲಿ ನಿಂತಾಗ ಗಡಗಡ ನಡುಗುತ್ತೆ. "ಆಕಾಶದಲ್ಲಿ ಸಿಗ್ನಲ್ ಎಲ್ಲಿದೆ?" ಅಂತಾನೆ. ಸರಿ. ಆದರೆ ಕೊಳವೆ ಹಾದುಹೋಗುವ ಗೋಡೆಯೊಳಗೇ ಎಂಜಿನ್ ತಣಿಸುವ ಕೂಲಂಟ್ ನೀರು ಹರಿಯುತ್ತದಲ್ಲ, ಅದಕ್ಕೇನು ಉತ್ತರ?

ಉತ್ತರವೇ ನಮ್ಮ ಫ್ರೀಜರ್. ಹೌಸಿಂಗ್ ಬಿಸಿಯಾದರೆ ತೂತು ಹಿಗ್ಗುತ್ತೆ, ಕೊಳವೆ ತಣ್ಣಗಾದರೆ ಕುಗ್ಗುತ್ತೆ, ಕೂರಿಸಿದರೆ ಬಿಗಿಯಾಗಿ ಕಚ್ಚಿಕೊಳ್ಳುತ್ತೆ. ಹೌಸಿಂಗ್ ಅವನ ಗ್ಯಾರೇಜಿನ ಹಳೇ ಓವನ್‌ನಲ್ಲಿ, ಕೊಳವೆ ನಮ್ಮ ಅಡುಗೆಮನೆಯಲ್ಲಿ. ನಡುವೆ ಆರು ಮನೆ, ಎರಡು ನಾಯಿ. ಪೈಜಾಮದಲ್ಲೇ ಓಡಿದೆ. "ಬೇಗ ಬೇಗ!" ಅಂತ ಅವನು ದಪ್ಪ ಗ್ಲೌಸ್ ಹಾಕಿಕೊಂಡು ಬಾಗಿಲಲ್ಲೇ ಕುಣಿಯುತ್ತಿದ್ದ. ಒಂದು, ಎರಡು, ಮೂರು, ತೂರಿಸಿದ. ಅರ್ಧಕ್ಕೆ ನಿಂತಿತು. ಸೊಟ್ಟಗೆ. ಕೊಳವೆಗೆ ಅಂಟಿಕೊಂಡ ತುರಿಯನ್ನು ನಾನೂ ನೋಡಿರಲಿಲ್ಲ, ಅವನೂ ನೋಡಿರಲಿಲ್ಲ. ಎರಡೇ ನಿಮಿಷಕ್ಕೆ ಗ್ಯಾರೇಜ್ ತುಂಬ ಹುರಿದ ಕೊಬ್ಬರಿಯ ಘಮ. ಒಂದು ಒಗ್ಗರಣೆ ಹಾಕಿದ್ದರೆ ಪಲ್ಯ. ಅವನು ಮರದ ಸುತ್ತಿಗೆಯಿಂದ ಬಡಿಯುತ್ತಾ ನನ್ನನ್ನು ನೋಡಿದ ನೋಟವಿದೆಯಲ್ಲ, ನಾನೇನು ಬೇಕಂತಲೇ ಮಸಾಲೆ ಹಾಕಿದ್ದೆನಾ?

ಆಮೇಲೆ ಶುರುವಾಯಿತು ಅರದ ಕೆಲಸ. ರೋಟರಿನ ತುದಿಯ ಸೀಲು ಬರೀ 2 ಮಿ.ಮೀ. ದಪ್ಪ. ಕೊಳವೆಯ ಅಂಚು ಚೂಪಾಗಿದ್ದರೆ ಅದು ಮುರಿಯುತ್ತೆ. ಅರ ಜಾರಿದರೆ ಪಕ್ಕದ ಕ್ರೋಮ್ ಲೇಪ ಏಳುತ್ತೆ. ಹಾಗಾಗಿ ನಾಲ್ಕು ಸಲ ಉಜ್ಜುವುದು, ಬೆರಳಾಡಿಸುವುದು, "ಇನ್ನೊಂದು ಚೂರು" ಅನ್ನುವುದು. ಮೂರು ಗಂಟೆ! ಟಾರ್ಚ್ ನನ್ನ ಕೈಲಿ. ದೋಸೆ ಮನೆಯಲ್ಲಿ.

ಅಪ್ಪನ ಜಾವಾ ಬೈಕ್ ನೆನಪಾಯಿತು. ಮೈಸೂರಿನಲ್ಲೇ ತಯಾರಾದದ್ದು. ಟೂ ಸ್ಟ್ರೋಕ್, ಅದಕ್ಕೂ ವಾಲ್ವ್ ಇಲ್ಲ, ಬರೀ ತೂತುಗಳು. ಅಂಗಳದಲ್ಲಿ ಸಿಲಿಂಡರ್ ಬಿಚ್ಚಿಕೊಂಡು ಹೊಗೆಯ ಪೋರ್ಟಿನ ಮಸಿ ಕೆರೆಯುತ್ತಿದ್ದರು. ಟಾರ್ಚ್ ಆಗಲೂ ನನ್ನದೇ. "ಎಲ್ಲೋ ಬಿಡ್ತಿದ್ದೀಯಾ ಬೆಳಕು, ಹಲ್ಲಿ ಹುಡುಕ್ತಿದ್ದೀಯಾ?" ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಪ್ಪನೂ ಇಲ್ಲ. ಟಾರ್ಚ್ ಸರಿಯಾಗಿ ಹಿಡಿಯೋ ಅಂತ ಬೈಸಿಕೊಂಡು ಎಷ್ಟು ಕಾಲವಾಯಿತು ಅಂತ...

"ಲೈಟೂ! ಎಲ್ಲಿ ನೋಡ್ತಿದ್ದೀಯಾ?"

ಸಂಜೆ ನೀರು ತುಂಬಿ ನೋಡಿದೆವು. ಕೊಳವೆಯ ಬುಡದಲ್ಲಿ ಒಂದು ಹನಿ ಮೂಡಿತು, ದಪ್ಪಗಾಯಿತು, ನನ್ನ ಚಪ್ಪಲಿ ಮೇಲೆ ಬಿತ್ತು. ಅವನು ಬೇಜಾರೇ ಮಾಡಿಕೊಳ್ಳಲಿಲ್ಲ. ಎಪಾಕ್ಸಿ ಡಬ್ಬಿ ಹುಡುಕುತ್ತಾ ಕೇಳಿದ: "ನಿಮ್ಮ ಫ್ರೀಜರ್‌ನಲ್ಲಿ ಜಾಗ ಇದೆ ತಾನೇ?"

13ಬಿಗೆ ಎರಡು ರೋಟರ್. ಇನ್ನೊಂದು ಹೌಸಿಂಗ್ ಬಾಕಿ ಇದೆ.