ಎರಡು ಇಂಚು ಎತ್ತಿದರು, ಆಕ್ಸಲ್ ಗುಂಡು ಇದ್ದಲ್ಲೇ ಇದೆ

ಹೊಟ್ಟೆ ಉರಿಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ರಾಡಿಯಲ್ಲಿ ಸಿಕ್ಕಿಬೀಳಬಾರದು ಅಂತ ಜುಲೈನಲ್ಲಿ 38 ಸಾವಿರ ರೂಪಾಯಿ ಕೊಟ್ಟು ಗಾಡಿಗೆ ಲಿಫ್ಟ್ ಮಾಡಿಸಿದೆ, ಅಂದರೆ ನೆಲದಿಂದ ಎತ್ತರ ಮಾಡಿಸಿದೆ. ನಿನ್ನೆ ಅದೇ ಬಂಡಿದಾರಿಯಲ್ಲಿ, ಅದೇ ಬೇವಿನ ಮರದ ಹತ್ತಿರ, ಹೋದ ವರ್ಷದ ಹಾಗೇ ಸಿಕ್ಕಿಬಿತ್ತು. ಮತ್ತೆ ಪಕ್ಕದ ಹೊಲದವರ ಟ್ರ್ಯಾಕ್ಟರ್, ಮತ್ತೆ ಹಗ್ಗ.

ನನ್ನದು 2012ರ ಟಾಟಾ ಝೆನಾನ್ ಪಿಕಪ್, ಫೋರ್ ಬೈ ಫೋರ್ (ನಾಲ್ಕೂ ಗಾಲಿಗೆ ಎಂಜಿನ್ ಶಕ್ತಿ ಹೋಗುವಂಥದ್ದು), ಸೆಕೆಂಡ್ ಹ್ಯಾಂಡ್ ತಗೊಂಡದ್ದು. ವಿಜಯಪುರ ಹತ್ತಿರದ ಸಾರವಾಡದ ಆಚೆ ದ್ರಾಕ್ಷಿ ತೋಟ ಇದೆ. ತೋಟ ಇರುವುದು ಗರಸು (ಕಲ್ಲು ಮಿಶ್ರಿತ ಗಟ್ಟಿ) ಭೂಮಿಯಲ್ಲಿ, ಆದರೆ ಅಲ್ಲಿಗೆ ಹೋಗುವ ಒಂದೂವರೆ ಕಿಲೋಮೀಟರ್ ದಾರಿ ಪೂರ್ತಿ ಡೋಣಿ ನದಿ ಸಾಲಿನ ಎರೆ ಮಣ್ಣು. ಡೋಣಿ ಹರಿದರೆ ಓಣಿಯೆಲ್ಲ ಕಾಳು ಅಂತ ಹಿರಿಯರು ಹೇಳಿದ್ದು ಈ ಮಣ್ಣು ನೋಡಿಯೇ. ಜೋಳಕ್ಕೆ ಬಂಗಾರ, ಗಾಲಿಗೆ ಶತ್ರು. ಎರಡು ಹನಿ ಬಿದ್ದರೆ ಸಾಕು, ಟೈರಿಗೆ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತದೆ. ಟೈರಿನ ಹಲ್ಲು ಮುಚ್ಚಿಹೋಗಿ ಮಡ್‌ಗಾರ್ಡ್ ತನಕ ತುಂಬುತ್ತದೆ.

ಹಾಗಾದರೆ ಮಳೆ ನಿಂತ ಮೇಲೆ ಹೋಗಬಾರದಾ ಅಂತ ಕೇಳಬಹುದು. ದ್ರಾಕ್ಷಿ ಬೆಳೆದವರು ಈ ಪ್ರಶ್ನೆ ಕೇಳುವುದಿಲ್ಲ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಆಗಿ ಚಿಗುರು ಬಂದ ಹೊತ್ತಿಗೆ ಮಳೆ ಹಿಡಿದರೆ ಡೌನಿ ಅನ್ನುವ ರೋಗ ಬರುತ್ತದೆ. ಎಲೆ ಹಿಂದೆ ಬಿಳಿ ಬೂಷ್ಟು ಕಂಡ ದಿನವೇ ಔಷಧಿ ಹೊಡೆಯಬೇಕು. ನಾಳೆ ಅಂದರೆ ಗೊನೆಗೆ ಇಳಿದಿರುತ್ತದೆ. ಹೋದ ವರ್ಷ ಗಾಡಿ ಸಿಕ್ಕಿಬಿದ್ದು ಒಂದೂವರೆ ದಿನ ತಡ ಆಯ್ತು. ಎರಡು ಎಕರೆ ಹೋಯ್ತು. ನನಗೆ ಲಿಫ್ಟ್ ಬೇಕಾಗಿದ್ದು ಫೋಟೋ ಹಾಕಿಕೊಳ್ಳಲು ಅಲ್ಲ.

ಮೊದಲು ಫೋನಿನಲ್ಲಿ ವಿಚಾರಿಸಿದೆ. ದೊಡ್ಡ ಊರಿನ ಒಬ್ಬ ಕಿಟ್ ಮಾರುವವನು, "ಸರ್, ನಿಮ್ಮ ಗಾಡಿಗೆ ರೆಡಿ ಕಿಟ್ ಇಲ್ಲ, ಇಸುಝು ಡಿ-ಮ್ಯಾಕ್ಸ್ ಪಿಕಪ್ಪಿನ ಕಿಟ್ ಕಳಿಸ್ತೀನಿ, ಸ್ವಲ್ಪ ಕಟ್ ಮಾಡಿ ವೆಲ್ಡ್ ಮಾಡಿದ್ರೆ ಕೂರುತ್ತೆ" ಅಂದ. ಗಾಲಿ ಹಿಡಿದು ನಿಲ್ಲಿಸುವ ಸಾಮಾನು, ಅದನ್ನು ಕಟ್ ಮಾಡಿ ವೆಲ್ಡ್ ಮಾಡಬೇಕಂತೆ! ಇನ್ನೊಬ್ಬ ಬಾಡಿ ಲಿಫ್ಟ್ ಹಾಕಿಸಿ ಅಂದ. ಅಂದರೆ ಚಾಸಿಸ್ಸಿಗೂ ಬಾಡಿಗೂ ನಡುವೆ ತುಂಡು ಇಟ್ಟು ಬಾಡಿಯನ್ನಷ್ಟೇ ಎತ್ತುವುದು. ಕೆಳಗಿನದು ಒಂದು ಕೂದಲೆಳೆಯೂ ಏರುವುದಿಲ್ಲ. ಇಬ್ಬರೂ ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ಇಂಚು ಬೇಕು ಅಂತ. ಏನು ಹೇರುತ್ತೀರಿ, ಯಾವ ದಾರಿ, ಪಾಟಾ (ಹಿಂದಿನ ಎಲೆ ಸ್ಪ್ರಿಂಗ್) ಯಾವ ಸ್ಥಿತಿಯಲ್ಲಿದೆ, ಒಬ್ಬರೂ ಕೇಳಲಿಲ್ಲ.

ಕೊನೆಗೆ ಹತ್ತಿರದ ಒಂದು ಗ್ಯಾರೇಜಿಗೆ ಹೋದೆ. ಹುಡುಗ ಗಾಡಿಯ ಕೆಳಗೆ ಬಗ್ಗಿಯೂ ನೋಡಲಿಲ್ಲ. "ಚಿಂತಿ ಬಿಡ್ರಿ ಅಣ್ಣಾರ, ಎರಡ ಇಂಚ್ ಎಬ್ಬಿಸಿ ಕೊಡ್ತೀನಿ. ಎಂಥಾ ರಾಡ್ಯಾಗೂ ನಡೀತದ" ಅಂದ. ನಾನು ನಂಬಿದೆ.

ಅವನು ಮಾಡಿದ್ದು ಇಷ್ಟು. ಮುಂದೆ ಸ್ಪ್ರಿಂಗ್ ಬದಲು ಇರುವ ಟಾರ್ಷನ್ ಬಾರ್ ಅನ್ನುವ ಸರಳಿನ ಬೋಲ್ಟ್ ತಿರುಗಿಸಿ ಬಿಗಿ ಮಾಡಿದ. ಹಿಂದೆ ಪಾಟಾಕ್ಕೂ ಆಕ್ಸಲ್‌ಗೂ ನಡುವೆ ಕಬ್ಬಿಣದ ಬ್ಲಾಕ್ ಇಟ್ಟು ಉದ್ದದ ಯು ಬೋಲ್ಟ್ ಹಾಕಿದ. ಜೊತೆಗೆ ಪಾಟಾದ ತುದಿಯನ್ನು ಚಾಸಿಸ್ಸಿಗೆ ಜೋಡಿಸುವ ಉದ್ದದ ಶಾಕಲ್ ಬೇರೆ. ಶಾಕಲ್ ಎರಡು ಇಂಚು ಉದ್ದ ಮಾಡಿದರೆ ಗಾಡಿ ಏರುವುದು ಒಂದೇ ಇಂಚು, ಯಾಕೆಂದರೆ ಅದು ಪಾಟಾದ ಒಂದು ತುದಿಯನ್ನು ಮಾತ್ರ ಕೆಳಗೆ ಇಳಿಸುತ್ತದೆ. ಅದನ್ನೂ ಅವನು ಎರಡು ಇಂಚು ಅಂತಲೇ ಲೆಕ್ಕ ಹಿಡಿದ. ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯವೇ. ಉದ್ದ ಸಾಲದೆ ಹಿಂದಿನ ಎರಡೂ ಪೂರ್ತಿ ಎಳೆದುಕೊಂಡು ನಿಂತಿದ್ದವು.

ಗಾಡಿ ಎತ್ತರ ಕಂಡಿತು, ನಿಜ. ಮನೆ ಮುಂದೆ ನಿಲ್ಲಿಸಿದಾಗ ಓಣಿಯವರು ಬಂದು ನೋಡಿದರು. ಮರುದಿನ ಬೆಳಿಗ್ಗೆ ಅವ್ವ ತೋಟಕ್ಕೆ ಬರಲು ಬಾಗಿಲು ತೆಗೆದಳು. ಹಿಡಿಕೆ ಹಿಡಿದು ಒಂದು ಕಾಲು ಮೇಲಿಟ್ಟಳು, ಮೊಣಕಾಲು ಏಳಲಿಲ್ಲ. ಇನ್ನೊಂದು ಸಲ ನೋಡಿದಳು. ಆಮೇಲೆ ಬುತ್ತಿ ಗಂಟನ್ನು ಸೀಟಿನ ಮೇಲೆ ಇಟ್ಟು, "ನೀ ನಡಿ ತಮ್ಮಾ, ನಾ ಮನ್ಯಾಗ ಇರ್ತೀನಿ" ಅಂದಳು. ಆ ತೋಟದ ಮೊದಲ ಬಳ್ಳಿ ನೆಟ್ಟವಳು ಅವಳು.

ಅದನ್ನೂ ನುಂಗಿಕೊಂಡೆ. ಆದರೆ ನಿನ್ನೆ ಗಾಡಿ ಕೂತಾಗ ತಡೆಯಲಾಗಲಿಲ್ಲ. ರಾಡಿಯಲ್ಲೇ ಅಂಗಾತ ಮಲಗಿ ಟೇಪ್ ಹಿಡಿದು ಕೆಳಗೆ ಸರಿದೆ. ಟ್ರ್ಯಾಕ್ಟರ್ ಓಡಾಡಿದ ಎರಡು ಜಾಡು, ನಡುವೆ ಎದ್ದ ದಿಬ್ಬ. ಹಿಂದಿನ ಡಿಫರೆನ್ಷಿಯಲ್ ಗುಂಡು, ಅಂದರೆ ಆಕ್ಸಲ್ ನಡುವೆ ಗೇರ್ ಇರುವ ದಪ್ಪ ಭಾಗ, ಆ ದಿಬ್ಬದ ಮೇಲೆ ಪೂರ್ತಿ ಕೂತಿತ್ತು, ಗಾಲಿ ಸುಮ್ನೆ ತಿರುಗುತ್ತಿತ್ತು. ಗುಂಡು ಕಬ್ಬಿಣ ಕಾಣುವಷ್ಟು ಉಜ್ಜಿಹೋಗಿತ್ತು. ಎಳೆದು ಹೊರಗೆ ತಂದ ಮೇಲೆ ತೋಟದ ಸಿಮೆಂಟ್ ಕಟ್ಟೆ ಮೇಲೆ ನಿಲ್ಲಿಸಿ ಅಳತೆ ಮಾಡಿದೆ. ನೆಲದಿಂದ ಗುಂಡಿಗೆ 7 ಇಂಚು 6 ಸೂತ್ (ಇಂಚಿಗೆ ಎಂಟು ಸೂತ್). ಲಿಫ್ಟ್ ಮಾಡಿಸುವ ಮುಂಚೆ ನಾನೇ ಗೋಡೆ ಮೇಲೆ ಸೀಸದ ಕಡ್ಡಿಯಿಂದ ಬರೆದಿಟ್ಟಿದ್ದೆ. 7 ಇಂಚು 6 ಸೂತ್.

ಒಂದು ಸೂತೂ ಏರಿಲ್ಲ!

ಏರುವುದಾದರೂ ಹೇಗೆ? ಹಿಂದಿನ ಆಕ್ಸಲ್ ಕೂತಿರುವುದು ಗಾಲಿಯ ಮೇಲೆ. ಬ್ಲಾಕ್, ಶಾಕಲ್, ಹೊಸ ಪಾಟಾ, ಏನೇ ಹಾಕಿ, ಅವೆಲ್ಲ ಆಕ್ಸಲ್‌ನ ಮೇಲೆ ಇರುವ ಚಾಸಿಸ್ಸನ್ನು ಎತ್ತುತ್ತವೆ. ಗುಂಡಿಗೂ ನೆಲಕ್ಕೂ ನಡುವೆ ಇರುವುದು ಟೈರ್ ಒಂದೇ. ಚಾಸಿಸ್ ಹೊಟ್ಟೆ ಏರಿದರೆ ಒಡ್ಡು ಹತ್ತಿ ಇಳಿಯುವಾಗ ಉಪಯೋಗ ಇದೆ, ಇಲ್ಲ ಅನ್ನುವುದಿಲ್ಲ. ಮುಂದಿನ ಡಿಫರೆನ್ಷಿಯಲ್ ಚಾಸಿಸ್ಸಿಗೇ ಬಿಗಿದಿರುವುದರಿಂದ ಅದೂ ಏರುತ್ತದೆ. ಆದರೆ ನನ್ನ ತೊಂದರೆ ಹಿಂದಿನ ಗುಂಡಿನದು ಅಂತ ಮೊದಲ ದಿನವೇ ಹೇಳಿದ್ದೆ. ನನ್ನ 235/70 ಆರ್16 ಅಳತೆಯ ಟೈರಿನ ಎತ್ತರ ಸುಮಾರು 735 ಮಿ.ಮೀ. 245/75 ಹಾಕಿದರೆ ಸುಮಾರು 774. ಅದರಲ್ಲಿ ಗುಂಡಿಗೆ ಸಿಗುವುದು ಅರ್ಧ, ಅಂದರೆ 19 ಮಿ.ಮೀ., ಮುಕ್ಕಾಲು ಇಂಚು. ಕೇಳಲು ಕಡಿಮೆ, ಆದರೆ ಅದು ನಿಜವಾದ ಮುಕ್ಕಾಲು ಇಂಚು. ರಾಡಿಗೆ ಆಗುವ ದೊಡ್ಡ ಹಲ್ಲಿನ ಟೈರ್ ಹಾಕಿಸಿದ್ದರೆ ಮಣ್ಣನ್ನೂ ಒದರಿಕೊಳ್ಳುತ್ತಿತ್ತು. ಈ ಮಾತನ್ನು ಹೇಳಲು ಆ ಗ್ಯಾರೇಜಿನವನಿಗೆ ಎರಡು ನಿಮಿಷ ಸಾಕಿತ್ತು. ಹೇಳಿದ್ದರೆ ಬ್ಲಾಕ್ ಮಾರಾಟ ಆಗುತ್ತಿರಲಿಲ್ಲ, ಅಷ್ಟೇ.

ಕೆಡಿಸಿದ್ದರ ಲೆಕ್ಕ ಬೇರೆ ಇದೆ. ಟಾರ್ಷನ್ ಬಾರ್ ಅಷ್ಟು ಬಿಗಿ ಮಾಡಿದ್ದಕ್ಕೆ ಮುಂದಿನ ಗಾಲಿ ಕೆಳಗೆ ಇಳಿಯಲು ಜಾಗವೇ ಉಳಿದಿಲ್ಲ. ಸಣ್ಣ ತಗ್ಗಿಗೂ ಎದೆಗೆ ಗುದ್ದುತ್ತದೆ. ಮುಂದಿನ ಗಾಲಿ ತಿರುಗಿಸುವ ಡ್ರೈವ್ ಶಾಫ್ಟ್ ಕೋನ ಜಾಸ್ತಿ ಆಗಿ ಎಡಗಡೆ ರಬ್ಬರ್ ಬೂಟ್ ಹರಿದು ಗ್ರೀಸ್ ಎಲ್ಲ ಗಾಲಿಗೆ ಚಿಮ್ಮಿದೆ. ಗಾಲಿ ನೇರ ಮಾಡುವ ಅಲೈನ್‌ಮೆಂಟ್ ಮಾಡಿಸಿಕೊಡಲಿಲ್ಲ, ಎರಡೇ ತಿಂಗಳಲ್ಲಿ ಮುಂದಿನ ಟೈರ್ ಒಂದು ಅಂಚಿನಲ್ಲಿ ಸವೆದು ನುಣ್ಣಗಾಗಿದೆ. ಇವೆಲ್ಲ ದುಡ್ಡಿನ ಮಾತು.

ಬ್ರೇಕ್ ಮಾತ್ರ ಜೀವದ ಮಾತು. ಹಿಂದಿನ ಆಕ್ಸಲ್ ಹತ್ತಿರ ಒಂದು ಸಣ್ಣ ವಾಲ್ವ್ ಇದೆ, ಅದಕ್ಕೊಂದು ಕಡ್ಡಿ. ಲೋಡ್ ಹೇರಿ ಗಾಡಿ ಕೆಳಗೆ ಕೂತಾಗ ಆ ಕಡ್ಡಿ ಸರಿದು ಹಿಂದಿನ ಗಾಲಿಗೆ ಬ್ರೇಕ್ ಜಾಸ್ತಿ ಬಿಡುತ್ತದೆ. ಗಾಡಿ ಖಾಲಿ ಇದ್ದಾಗ ಕಡಿಮೆ ಬಿಡುತ್ತದೆ. ಬ್ಲಾಕ್ ಇಟ್ಟು ಹಿಂಭಾಗ ಎತ್ತಿದ ಮೇಲೆ, ಎಷ್ಟೇ ಹೇರಿದರೂ ಆ ವಾಲ್ವ್‌ಗೆ ಗಾಡಿ ಖಾಲಿ ಇದ್ದ ಹಾಗೇ. ಆಗಸ್ಟ್‌ನಲ್ಲಿ 500 ಲೀಟರ್ ಟ್ಯಾಂಕ್ ತುಂಬಿಕೊಂಡು ಬಬಲೇಶ್ವರ ರಸ್ತೆಯಲ್ಲಿ ಬರುವಾಗ ಎಮ್ಮೆ ಅಡ್ಡ ಬಂತು. ಪೂರ್ತಿ ಬ್ರೇಕ್ ತುಳಿದೆ. ಮೂತಿ ನೆಲಕ್ಕೆ ಬಗ್ಗಿತು, ಗಾಡಿ ನಿಲ್ಲಲಿಲ್ಲ. ಎಮ್ಮೆ ತಾನೇ ಸರಿದು ಉಳಿಯಿತು. ಆ ಹೊತ್ತಿಗೆ ನನ್ನ ಪಕ್ಕ ಮಗ ಕೂತಿದ್ದ. ಆ ಕಡ್ಡಿಯನ್ನು ಹೊಸ ಎತ್ತರಕ್ಕೆ ಹೊಂದಿಸಬೇಕು ಅಂತ ಗ್ಯಾರೇಜಿನವನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬಿಟ್ಟನೋ. ಎರಡರಲ್ಲಿ ಯಾವುದಾದರೂ ನನಗೆ ಒಂದೇ.

ಗ್ಯಾರೇಜಿಗೆ ವಾಪಸ್ ಹೋಗಿ ಕೇಳಿದೆ. "ಹಳೀ ಗಾಡಿ ಅದ ಅಣ್ಣಾರ, ಇಷ್ಟ ಇರೂದ" ಅಂದ. ಆರ್‌ಸಿ, ಇನ್ಶೂರೆನ್ಸ್ ಏನು ಅಂದರೆ "ಯಾರ ಕೇಳ್ತಾರ್ರಿ" ಅಂದ. ಕೇಳುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಅಳತೆಗೆ ಬೇರೆಯಾಗಿ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ನಾಳೆ ಏನಾದರೂ ಆದರೆ ಕೋರ್ಟಿಗೆ ಅಲೆಯುವವನು ನಾನು, ಅವನಲ್ಲ.

ಇನ್ನೂ ಸಿಟ್ಟು ಬರುವುದು ಯಾಕೆ ಗೊತ್ತಾ? ಇಂಡಿ ರಸ್ತೆಯ ಕಡೆ ಪಾಟಾ ಕೆಲಸ ಮಾಡುವ ಒಬ್ಬ ಅಜ್ಜ ಇದ್ದಾರೆ. ಇವತ್ತು ಬೆಳಿಗ್ಗೆ ಅವರ ಹತ್ತಿರ ಒಯ್ದೆ. ಅವರು ಮಾತೇ ಆಡದೆ ಗಾಲಿಯ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಎರಡೂ ಕಡೆ ಟೇಪ್ ಹಿಡಿದರು. ಬಲಕ್ಕಿಂತ ಎಡ ಒಂದು ಇಂಚು ಕೆಳಗೆ. ಹತ್ತು ವರ್ಷಕ್ಕಿಂತ ಜಾಸ್ತಿ ಹೇರಿ ಹೇರಿ ಪಾಟಾ ಬಾಗು ಕಳೆದುಕೊಂಡು ಚಪ್ಪಟೆ ಆಗಿದೆ, ಅದರ ತುದಿಯ ಬುಷ್ ಎಲ್ಲ ಪುಡಿ. "ಮೊದಲ ಗಾಡಿ ಹುಟ್ಟಿದಾಗ ಎಷ್ಟ ಎತ್ತರ ಇತ್ತೋ ಅಷ್ಟಕ್ಕ ತರೂಣು, ಆಮ್ಯಾಲ ಎಬ್ಬಸೂ ಮಾತು" ಅಂದರು. ನನ್ನ ಎರಡು ಇಂಚು ಲಿಫ್ಟ್‌ನಲ್ಲಿ ಅರ್ಧಕ್ಕೂ ಜಾಸ್ತಿ, ಗಾಡಿ ಕಳೆದುಕೊಂಡಿದ್ದ ಎತ್ತರವನ್ನೇ ಬ್ಲಾಕ್ ಇಟ್ಟು ತುಂಬಿದ್ದು. ಸತ್ತ ಪಾಟಾ ಹಾಗೇ ಒಳಗೆ.

ಈಗ ಬ್ಲಾಕ್ ತೆಗೆಸಿದ್ದೇನೆ. ಶಾಕಲ್ ಹಳೆಯದೇ ಹಾಕಿಸಿದೆ. ಪಾಟಾ ಸೆಟ್ ಬಿಚ್ಚಿ ಹೊಸದಾಗಿ ಬಾಗಿಸಿ, ಒಂದು ಎಲೆ ಜಾಸ್ತಿ ಕೂಡಿಸಿ, ಬುಷ್ ಹೊಸದು. ಟಾರ್ಷನ್ ಬಾರ್ ವಾಪಸ್ ಸಡಿಲ ಆಗಬೇಕು, ವಾಲ್ವಿನ ಕಡ್ಡಿ ಹೊಂದಿಸಬೇಕು, ಅಲೈನ್‌ಮೆಂಟ್ ಆಗಬೇಕು. ಟೈರಿಗೆ ದುಡ್ಡು ಉಳಿದಿಲ್ಲ. 38 ಸಾವಿರದಲ್ಲಿ ಹಳೆ ಟೈರೂ ಬರುತ್ತಿತ್ತು, ಪಾಟಾನೂ ಆಗುತ್ತಿತ್ತು ಅಂತ ನೆನೆದರೆ ಮೈ ಉರಿಯುತ್ತದೆ.

ಆ ಎರಡು ಬ್ಲಾಕ್ ಒಯ್ದು ಗ್ಯಾರೇಜಿನ ಕಟ್ಟೆ ಮೇಲೆ ಇಟ್ಟು ದುಡ್ಡು ಕೇಳಿದೆ. ಬಳಸಿದ ಮಾಲು ವಾಪಸ್ ಇಲ್ಲ ಅಂದ. ಚಾಟ್ನಿಗೆ ಇನ್ನು ಮೂರು ವಾರ ಇದೆ. ವಿಜಯಪುರ ಸುತ್ತಮುತ್ತ ಯಾರ ಹತ್ತಿರವಾದರೂ 245/75 ಆರ್16, ಹಲ್ಲು ಉಳಿದಿರುವ ಹಳೆ ಟೈರ್ ನಾಲ್ಕು ಇದ್ದರೆ ಹೇಳಿ. ನಾನೇ ಬಂದು ನೋಡಿ ಒಯ್ಯುತ್ತೇನೆ.