ಪಿಡಿಎಫ್‌ಗೆ ಹಾಕಿದ್ದು ಯಾವ ಪಾಸ್‌ವರ್ಡ್?

‘ಫೈಲಿಗೆ ಪಾಸ್‌ವರ್ಡ್ ಹಾಕಿದ್ದೇನೆ, ಇನ್ನು ಚಿಂತೆಯಿಲ್ಲ’ ಎಂದು ಯಾರಾದರೂ ಹೇಳಿದಾಗ ನಾನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಯಾವ ಪಾಸ್‌ವರ್ಡ್? ಹೆಚ್ಚಿನವರಿಗೆ ಈ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಅದು ಅವರ ತಪ್ಪೂ ಅಲ್ಲ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಸೌಲಭ್ಯಗಳನ್ನು ತಂತ್ರಾಂಶಗಳು ಒಂದೇ ಹೆಸರಿನಲ್ಲಿ, ಅಕ್ಕಪಕ್ಕದಲ್ಲೇ ಇಟ್ಟು ನಮ್ಮನ್ನು ದಾರಿ ತಪ್ಪಿಸುತ್ತಿವೆ.

ಪಿಡಿಎಫ್‌ನಲ್ಲಿ ತೆರೆಯುವುದಕ್ಕೆ ಒಂದು ಪಾಸ್‌ವರ್ಡ್, ಅನುಮತಿಗಳಿಗೆ ಇನ್ನೊಂದು. ಮೊದಲನೆಯದನ್ನು ಹಾಕಿದರೆ ಒಳಗಿನ ಬರಹವೆಲ್ಲ ಗೂಢಲಿಪಿಯಾಗುತ್ತದೆ. ಪಾಸ್‌ವರ್ಡ್ ಇಲ್ಲದವನ ಕೈಗೆ ಸಿಕ್ಕರೂ ಅರ್ಥವಿಲ್ಲದ ಬೈಟ್‌ಗಳ ರಾಶಿಯಷ್ಟೇ. ಎರಡನೆಯದು ‘ಮುದ್ರಿಸಬೇಡಿ, ನಕಲು ಮಾಡಬೇಡಿ, ತಿದ್ದಬೇಡಿ’ ಎನ್ನುತ್ತದೆ. ಆದರೆ ಅದೊಂದನ್ನೇ ಹಾಕಿದ ಫೈಲು ಯಾರು ಕ್ಲಿಕ್ಕಿಸಿದರೂ ತೆರೆದುಕೊಳ್ಳುತ್ತದೆ. ಅಂದರೆ ಗೂಢಲಿಪಿಯನ್ನು ಬಿಡಿಸಲು ಓದುವ ತಂತ್ರಾಂಶಕ್ಕೆ ಬೇಕಾದ ಕೀಲಿ ಪಾಸ್‌ವರ್ಡ್ ಕೇಳದೆಯೇ ಸಿಗುತ್ತಿದೆ. ಆಮೇಲೆ ಮುದ್ರಣದ ಗುಂಡಿಯನ್ನು ಮಂಕಾಗಿಸುವುದು ಬಿಡುವುದು ಆ ತಂತ್ರಾಂಶದ ಸೌಜನ್ಯಕ್ಕೆ ಬಿಟ್ಟದ್ದು. ಆ ಸೌಜನ್ಯ ತೋರಿಸದ ತಂತ್ರಾಂಶಗಳು ಬೇಕಾದಷ್ಟಿವೆ. ಹೀಗಿದ್ದೂ ಕರಾರುಪತ್ರ, ವೈದ್ಯಕೀಯ ವರದಿಗಳಿಗೆಲ್ಲ ಈ ಎರಡನೆಯದನ್ನು ಮಾತ್ರ ಹಾಕಿ ನೆಮ್ಮದಿಯಾಗಿರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಎಕ್ಸೆಲ್‌ನ ಕಥೆ ಇನ್ನೂ ಸ್ಪಷ್ಟ. ಎಲ್ಲರ ಸಂಬಳವಿರುವ ಕಾಲಂ ಅನ್ನು ಮರೆಮಾಡಿ, ಹಾಳೆಗೆ ‘ಪ್ರೊಟೆಕ್ಟ್ ಶೀಟ್’ ಕೊಟ್ಟು, ಆ ಫೈಲನ್ನು ಇಡೀ ಕಚೇರಿಗೆ ಕಳುಹಿಸುವವರಿದ್ದಾರೆ. ಎಕ್ಸೆಲ್‌ನ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲು ನಿಜದಲ್ಲಿ ಹಲವು ಫೈಲುಗಳನ್ನು ಒಟ್ಟಿಗೆ ಕಟ್ಟಿದ ಒಂದು ಜಿಪ್ ಗಂಟು. ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿದರೆ ಸಾಕು, ಒಳಗಿನ ಪ್ರತಿ ಹಾಳೆಯೂ ಎಕ್ಸ್‌ಎಂಎಲ್ ಎಂಬ ಸಾದಾ ಪಠ್ಯರೂಪದಲ್ಲಿ ಬಿಡಿಬಿಡಿಯಾಗಿ ಸಿಗುತ್ತದೆ. ಆ ಕಾಲಂನ ಅಂಕಿಗಳು ಅಲ್ಲಿ ಹಾಗೆಯೇ ಕುಳಿತಿರುತ್ತವೆ. ರಕ್ಷಣೆ ಎಂದುಕೊಂಡದ್ದು ಅದೇ ಹಾಳೆಯಲ್ಲಿರುವ ಒಂದೇ ಒಂದು ಟ್ಯಾಗ್. ಅದನ್ನು ಅಳಿಸಿದರೆ ಮುಗಿಯಿತು. ಯಾರೋ ಸೂತ್ರವೊಂದನ್ನು ಅಕಸ್ಮಾತ್ ಕೆಡಿಸದಿರಲಿ ಎಂಬುದಕ್ಕಷ್ಟೇ ಈ ಸೌಲಭ್ಯ ಇರುವುದು. ಇದು ಭದ್ರತೆಗಾಗಿ ಅಲ್ಲ ಎಂದು ಮೈಕ್ರೋಸಾಫ್ಟ್ ತಾನೇ ಹೇಳಿದೆ. ಗುಟ್ಟು ಉಳಿಯಬೇಕಾದರೆ ಬರಹವನ್ನೇ ಗೂಢಲಿಪಿಯಾಗಿಸುವ, ಫೈಲ್ ಮೆನುವಿನಲ್ಲಿರುವ ‘ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್’ ಬೇಕು.

ಹಾಗೆ ಎನ್‌ಕ್ರಿಪ್ಟ್ ಮಾಡುವಾಗಲೂ ವರ್ಡ್, ಎಕ್ಸೆಲ್‌ಗಳ ಹಳೆಯ ಡಿಒಸಿ, ಎಕ್ಸ್‌ಎಲ್‌ಎಸ್ ರೂಪದಲ್ಲಿ ಉಳಿಸಬೇಡಿ. ಆಫೀಸ್ 97ರಿಂದ 2003ರವರೆಗಿನ ಆವೃತ್ತಿಗಳು ತಾವಾಗಿ ಬಳಸುತ್ತಿದ್ದದ್ದು 40 ಬಿಟ್‌ಗಳ ಕೀಲಿ. ಅಂದರೆ ಇರುವ ಕೀಲಿಗಳೇ ಸುಮಾರು 1.1 ಲಕ್ಷ ಕೋಟಿ. ಇಂದಿನ ಕಂಪ್ಯೂಟರ್‌ಗೆ ಅಷ್ಟನ್ನೂ ಒಂದೊಂದಾಗಿ ತಿರುಗಿಸಿ ನೋಡುವುದು ಸಾಧ್ಯವಿರುವುದರಿಂದ ನಿಮ್ಮ ಪಾಸ್‌ವರ್ಡ್ ಎಷ್ಟೇ ಉದ್ದವಿದ್ದರೂ ವ್ಯರ್ಥ. ಆಫೀಸ್ 2007ರಲ್ಲಿ ಎಇಎಸ್ ಎಂಬ ಗಟ್ಟಿಯಾದ ಗೂಢಲಿಪಿ ವಿಧಾನ ಬಂತು. ಜೊತೆಗೆ ಪ್ರತಿ ಊಹೆಗೂ ಪಾಸ್‌ವರ್ಡ್‌ನಿಂದ ಕೀಲಿ ತಯಾರಿಸುವ ಲೆಕ್ಕವನ್ನು 50,000 ಸಲ ಸುತ್ತಿಸುವ ಕ್ರಮ ಬಂತು; 2010ರಲ್ಲಿ ಅದು ಒಂದು ಲಕ್ಷವಾಯಿತು. ನಮಗೆ ಕ್ಷಣಾರ್ಧದ ವಿಳಂಬ, ಕೋಟಿಗಟ್ಟಲೆ ಊಹೆ ಮಾಡಬೇಕಾದ ಕಳ್ಳನಿಗೆ ಮಾತ್ರ ಬೆಟ್ಟದಷ್ಟು ಕೆಲಸ. 2008ರಲ್ಲಿ ಬಂದ ಪಿಡಿಎಫ್ ತಂತ್ರಾಂಶ ಆಕ್ರೋಬ್ಯಾಟ್ 9 ಕೀಲಿಯನ್ನು 256 ಬಿಟ್‌ಗೆ ಏರಿಸಿತಾದರೂ ತನ್ನಲ್ಲಿದ್ದ ಇಂಥ ಸುತ್ತಾಟವನ್ನು ಕೈಬಿಟ್ಟಿತು. ಹಾಗಾಗಿ ಅದರ ಪಾಸ್‌ವರ್ಡ್ ಊಹಿಸುವುದು ಹಿಂದಿನ ಆವೃತ್ತಿಗಿಂತ ಸುಲಭವಾಯಿತು. ಮುಂದಿನ ಆವೃತ್ತಿಯಲ್ಲಿ ಅದನ್ನು ಸರಿಪಡಿಸಿದರು.

ಇನ್ನು ನನ್ನನ್ನು ನಿಜಕ್ಕೂ ಕೆರಳಿಸುವ ವಿಷಯಕ್ಕೆ ಬರುತ್ತೇನೆ. ಲೆಕ್ಕಪಟ್ಟಿ, ವಿಮಾ ಪತ್ರಗಳನ್ನು ಇಮೇಲ್‌ನಲ್ಲಿ ಕಳುಹಿಸುವ ಸಂಸ್ಥೆಗಳು ‘ನಿಮ್ಮ ಜನ್ಮದಿನಾಂಕವೇ ಪಾಸ್‌ವರ್ಡ್’ ಎಂದು ಅದೇ ಇಮೇಲ್‌ನಲ್ಲಿ ಬರೆದಿರುತ್ತವೆ. ಎಂಟು ಅಂಕಿಯ ಸಂಖ್ಯೆ ಎಂದರೆ ಹತ್ತು ಕೋಟಿ ಸಾಧ್ಯತೆಗಳು ಎನಿಸುತ್ತದೆ. ಆದರೆ ನೂರು ವರ್ಷಗಳಲ್ಲಿ ಇರುವ ದಿನಗಳೇ ಸುಮಾರು 36,525. ಕಂಪ್ಯೂಟರ್‌ಗೆ ಇದು ಲೆಕ್ಕವೇ ಅಲ್ಲ. ಪರಿಚಿತರಿಗೆ ಕಂಪ್ಯೂಟರೂ ಬೇಡ, ಹುಟ್ಟುಹಬ್ಬದ ಶುಭಾಶಯಗಳನ್ನು ನೋಡಿಕೊಂಡರೆ ಸಾಕು.

ಜಾಲತಾಣದ ಖಾತೆಯಾದರೆ ಕೆಲವು ಸಲ ತಪ್ಪಿದ ಕೂಡಲೇ ಬಾಗಿಲು ಮುಚ್ಚಿಕೊಳ್ಳುತ್ತದೆ, ನಮಗೆ ಎಚ್ಚರಿಕೆಯ ಸಂದೇಶವೂ ಬರುತ್ತದೆ. ಕೈಸೇರಿದ ಫೈಲಿಗೆ ಅಂಥ ಕಾವಲುಗಾರನಿಲ್ಲ. ಕಳ್ಳ ತನ್ನ ಮನೆಯಲ್ಲೇ ಕುಳಿತು ರಾತ್ರಿ ಹಗಲು ಪ್ರಯತ್ನಿಸಬಹುದು. ನಮಗೆ ಸುಳಿವೂ ಸಿಗುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ಸೋರಿಹೋದ ಪ್ರತಿಯ ಪಾಸ್‌ವರ್ಡನ್ನು ಬದಲಿಸಲು ಯಾರಿಂದಲೂ ಆಗದು. ನಮ್ಮ ಬಳಿಯ ಪ್ರತಿಗೆ ಹೊಸದನ್ನು ಹಾಕಬಹುದು, ಆದರೆ ಅವನ ಬಳಿ ಇರುವುದು ಹಳೆಯದರಲ್ಲೇ ತೆರೆಯುತ್ತದೆ, ಇಂದೂ, ಹತ್ತು ವರ್ಷದ ನಂತರವೂ. ಆದ್ದರಿಂದ ದಾಖಲೆಯ ಪಾಸ್‌ವರ್ಡ್ ಇಮೇಲ್‌ನದಕ್ಕಿಂತಲೂ ಗಟ್ಟಿಯಾಗಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಗಟ್ಟಿ ಎಂದರೆ ಉದ್ದ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಕೂಡ 2017ರಲ್ಲಿ ಚಿಹ್ನೆ, ಅಂಕಿ, ದೊಡ್ಡಕ್ಷರಗಳ ಕಡ್ಡಾಯ ಬೆರಕೆಯನ್ನು ಬಿಟ್ಟು ಉದ್ದಕ್ಕೆ ಒತ್ತು ಕೊಟ್ಟಿತು. 7,776 ಪದಗಳ ಪಟ್ಟಿಯಿಂದ ದಾಳ ಉರುಳಿಸಿ ಆರು ಪದ ಆರಿಸುವ ‘ಡೈಸ್‌ವೇರ್’ ವಿಧಾನ 1995ರಿಂದಲೂ ಇದೆ, ನನಗೆ ಬಹಳ ಇಷ್ಟ. ಪದಗಳನ್ನು ದಾಳ ಆರಿಸಬೇಕು, ನಾವಲ್ಲ. ಗಾದೆ, ಹಾಡಿನ ಸಾಲು, ಶ್ಲೋಕ ಬೇಡವೇ ಬೇಡ. ಊಹಿಸುವವರ ಪಟ್ಟಿಯಲ್ಲಿ ಅವು ಮೊದಲೇ ಇರುತ್ತವೆ. ಫೈಲು ಇಮೇಲ್‌ನಲ್ಲಿ ಹೋದರೆ ಪಾಸ್‌ವರ್ಡನ್ನು ಫೋನ್ ಮಾಡಿ ಹೇಳಿ.

ಜಿಪ್ ಬಗ್ಗೆ ಒಂದು ಮಾತು. ಪಾಸ್‌ವರ್ಡ್ ಹಾಕಿದ ಜಿಪ್‌ನಲ್ಲೂ ಸಾಮಾನ್ಯವಾಗಿ ಒಳಗಿನ ಫೈಲುಗಳ ಹೆಸರು ಎಲ್ಲರಿಗೂ ಕಾಣುತ್ತದೆ. ‘ವಿಚ್ಛೇದನ ಅರ್ಜಿ’ ಎಂಬ ಹೆಸರು ಕಂಡ ಮೇಲೆ ಒಳಗೆ ಓದುವುದಕ್ಕೇನಿದೆ? ಸೆವೆನ್‌ಜಿಪ್ ಎಂಬ ತಂತ್ರಾಂಶದ ಸ್ವಂತ ರೂಪದಲ್ಲಿ ಹೆಸರುಗಳನ್ನೂ ಮುಚ್ಚುವ ಆಯ್ಕೆಯಿದೆ, ಅದನ್ನು ಗುರುತಿಸಿ. ‘ಉಚಿತವಾಗಿ ಪಿಡಿಎಫ್ ಲಾಕ್ ಮಾಡಿಕೊಡುತ್ತೇವೆ’ ಎನ್ನುವ ಜಾಲತಾಣಗಳಿಗಂತೂ ಖಾಸಗಿ ದಾಖಲೆ ಕೊಡಲೇಬೇಡಿ. ಹಲವು ಕಡೆ ದಾಖಲೆ ಬೀಗವಿಲ್ಲದೆಯೇ ಅವರ ಸರ್ವರ್‌ಗೆ ಹೋಗುತ್ತದೆ. ಲಿಬ್ರೆಆಫೀಸ್ ಎಂಬ ತಂತ್ರಾಂಶ ಅದೇ ಕೆಲಸವನ್ನು ನಿಮ್ಮ ಕಂಪ್ಯೂಟರ್‌ನಲ್ಲೇ, ಉಚಿತವಾಗಿಯೇ ಮಾಡುತ್ತದೆ.

ಇಷ್ಟೆಲ್ಲ ಗಟ್ಟಿ ಮಾಡಿದ ಮೇಲೆ ಮರೆವಿನ ಪ್ರಶ್ನೆ ಬರುತ್ತದೆ. ನಿಜವಾದ ಎನ್‌ಕ್ರಿಪ್ಷನ್‌ನಲ್ಲಿ ‘ಪಾಸ್‌ವರ್ಡ್ ಮರೆತಿರಾ?’ ಎಂಬ ಕೊಂಡಿ ಇಲ್ಲ. ತಂತ್ರಾಂಶ ಮಾಡಿದವರೂ ತೆರೆದುಕೊಡಲಾರರು. ಆದ್ದರಿಂದ ಬೀಗ ಹಾಕಿದ ಪ್ರತಿಯನ್ನು ಬೇರೊಂದು ಸಾಧನದಲ್ಲಿ ತೆರೆದು ನೋಡಿದ ನಂತರವೇ ಮೂಲವನ್ನು ಅಳಿಸಿ, ಕಸದ ಬುಟ್ಟಿಯಿಂದಲೂ ಅಳಿಸಿ. ಪಾಸ್‌ವರ್ಡನ್ನು ಎಲ್ಲೂ ಬರೆದಿಡಬಾರದು ಎಂಬ ಹಳೆಯ ಉಪದೇಶವನ್ನು ನಾನು ಒಪ್ಪುವುದಿಲ್ಲ. ಉಯಿಲು, ಆಸ್ತಿಪತ್ರ, ವಿಮೆಯ ಸ್ಕ್ಯಾನ್ ಪ್ರತಿಗಳು ನಾವಿಲ್ಲದ ದಿನ ಮನೆಯವರಿಗೆ ಬೇಕಾಗುತ್ತವೆ. ಅವುಗಳ ಪಾಸ್‌ವರ್ಡ್ ಒಂದು ಕಾಗದದಲ್ಲಿ, ಮೂಲಪತ್ರಗಳಿರುವ ಕಪಾಟಿನಲ್ಲಿ ಇರಲಿ. ಆ ಕಾಗದ ಎಲ್ಲಿದೆ ಎಂಬುದನ್ನು ಮನೆಯಲ್ಲಿ ಇನ್ನೊಬ್ಬರಿಗಾದರೂ ಇವತ್ತೇ ತಿಳಿಸಿ.