ಶಾರ್ಟ್‌ವೇವ್‌ನಲ್ಲಿ ‘ನಿಗೂಢ ಸಿಗ್ನಲ್’ ಹುಡುಕುವ ಮುಂಚೆ

ಶಾರ್ಟ್‌ವೇವ್ ರೇಡಿಯೊ ತಗೊಂಡವರು ಮೊದಲು ಓಡುವುದೇ 4625 ಕಿಲೋಹರ್ಟ್ಸ್‌ಗೆ, ರಷ್ಯಾದ ‘ಬಝರ್’ ಎಂಬ, ಬರೀ ಗುಂಯ್‌ಗುಡುವ ನಿಗೂಢ ಸ್ಟೇಷನ್ ಕೇಳಲಿಕ್ಕೆ. ಗುಂಯ್ ಅಂದದ್ದೇ ತಡ, ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕಿಬಿಡುತ್ತಾರೆ. ಬಹಳ ಸಲ ಅದು ಮೊಬೈಲ್ ಚಾರ್ಜರ್ ಮಾರಾಯ್ರೆ! ಅಸಲಿ ಬಝರ್ ನಿಮಿಷಕ್ಕೆ ಸುಮಾರು 25 ಸಲ ಗುಂಯ್‌ಗುಟ್ಟಿ ನಿಲ್ಲುತ್ತದೆ. ಚಾರ್ಜರಿಗೆ ಬಿಡುವಿಲ್ಲ, ಡಯಲ್ ಆಚೀಚೆ ತಿರುಗಿಸಿದರೂ ಬೆನ್ನು ಬಿಡುವುದಿಲ್ಲ.

ಪರೀಕ್ಷೆ ಸುಲಭ. ರೇಡಿಯೊವನ್ನು ಬ್ಯಾಟರಿಯಲ್ಲಿ ಓಡಿಸುತ್ತ, ಮನೆಯ ಮೇನ್ ಸ್ವಿಚ್ ಆಫ್ ಮಾಡಿ, ಇನ್ವರ್ಟರ್ ಇದ್ದರೆ ಅದನ್ನೂ. ಸದ್ದು ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ: ಎಲ್‌ಇಡಿ ಬಲ್ಬ್, ಇನ್ವರ್ಟರ್, ವೈಫೈ ರೂಟರಿನ ಅಡಾಪ್ಟರ್. ಊರಿಗೇ ಕರೆಂಟ್ ಹೋದಾಗ ಎಲ್ಲರೂ ಬೈಯುತ್ತಾರೆ; ಕೇಳುಗರಿಗೆ ಅದೇ ಸುಗ್ಗಿ.

ನನ್ನ ಪ್ರಕಾರ, ಗೊತ್ತಿಲ್ಲದ್ದನ್ನು ಹುಡುಕುವ ಮೊದಲು ಗೊತ್ತಿರುವ ಒಂದು ಸಿಗ್ನಲ್ ಹಿಡಿದು ರೇಡಿಯೊ ಅಳೆಯಬೇಕು. ನಮಗೆ ಮುಂಬೈನ ವೋಲ್ಮೆಟ್ ಇದೆ: ವಿಮಾನಗಳಿಗಾಗಿ ಇಂಗ್ಲಿಷಿನಲ್ಲಿ ಓದುವ, ವಿಮಾನ ನಿಲ್ದಾಣಗಳ ಹವಾಮಾನ ವರದಿ. 6676 ಮತ್ತು 11387 ಕಿಲೋಹರ್ಟ್ಸ್, ಯುಎಸ್‌ಬಿ ಮೋಡ್ (ಅಪ್ಪರ್ ಸೈಡ್‌ಬ್ಯಾಂಡ್, ಕೇಬಲ್ಲಿನ ಯುಎಸ್‌ಬಿ ಅಲ್ಲ), ಪ್ರತಿ ಗಂಟೆಯ 25 ಮತ್ತು 55ನೇ ನಿಮಿಷಕ್ಕೆ. ನಮ್ಮ ಸಮಯ, ಇಂಥ ವೇಳಾಪಟ್ಟಿ ಬರೆಯುವ ಜಾಗತಿಕ ಸಮಯವಾದ ಯುಟಿಸಿಗಿಂತ ಐದೂವರೆ ಗಂಟೆ ಮುಂದಿದ್ದರೂ ಅವೇ ಎರಡು ನಿಮಿಷ ಅದಲುಬದಲಾಗುತ್ತವೆ ಅಷ್ಟೆ, ಗಡಿಯಾರ ನೋಡಿ ಕೂತರೆ ಸಾಕು. ನಮ್ಮ ಕಾರವಾರದಿಂದ ಮುಂಬೈ ನೇರ ದಾರಿಯಲ್ಲಿ ಸುಮಾರು 500 ಕಿ.ಮೀ. ಇಷ್ಟು ಹತ್ತಿರಕ್ಕೆ 11387 ಎಷ್ಟೋ ಸಲ ನಮ್ಮ ತಲೆಯ ಮೇಲಿಂದಲೇ ಹಾರಿ ದೂರದಲ್ಲಿ ಇಳಿಯುತ್ತದೆ. ಹಾಗಾಗಿ 6676ರಿಂದ ಶುರುಮಾಡಿ. ಎಸ್‌ಎಸ್‌ಬಿ (ಸಿಂಗಲ್ ಸೈಡ್‌ಬ್ಯಾಂಡ್; ಯುಎಸ್‌ಬಿ ಅದರದೇ ಒಂದು ಬಗೆ) ಇಲ್ಲದ ಸೆಟ್ಟಿನಲ್ಲಿ ಮಾತು ಬರೀ ಗೊಗ್ಗರು. ಇದ್ದೂ ಬಾತುಕೋಳಿ ಸ್ವರ ಬಂದರೆ ಫೈನ್ ಟ್ಯೂನಿಂಗ್ ತುಸು ಸರಿಸಿ. ಎಷ್ಟು ಸರಿಸಿದಿರೋ ಅಷ್ಟು ನಿಮ್ಮ ಡಯಲ್ ತಪ್ಪು ತೋರಿಸುತ್ತಿದೆ.

ಇನ್ನೊಂದು ಮೋಸ, ಹಳೇ ಸೆಟ್ಟುಗಳಲ್ಲಿ. ಜೋರಾದ ಸ್ಟೇಷನ್ ಒಂದು ತನ್ನ ಜಾಗಕ್ಕಿಂತ 910 ಕಿಲೋಹರ್ಟ್ಸ್ ಕೆಳಗೂ ಕೇಳುತ್ತದೆ. ‘ಹೊಸ ಸ್ಟೇಷನ್’ ಸಿಕ್ಕಿತೆಂದು ಕುಣಿಯುವ ಮೊದಲು ಅಷ್ಟು ಮೇಲೆ ಹೋಗಿ ನೋಡಿ.

ಅಂದಹಾಗೆ, ಕಾರವಾರ ನೌಕಾನೆಲೆಯ ಊರು. ಯಾರದೋ ಸಂದೇಶ ಕಿವಿಗೆ ಬಿತ್ತೆಂದು ಫ್ರೀಕ್ವೆನ್ಸಿ ಸಮೇತ ಪೋಸ್ಟ್ ಮಾಡುವುದು ಜಾಣತನವಲ್ಲ.

ಆಂಟೆನಾಕ್ಕೆ ಹತ್ತು ಮೀಟರ್ ವೈರ್ ಸಾಕು, ಮನೆಯಿಂದ ದೂರಕ್ಕೆ ಎಳೆಯಿರಿ. ಬರಿ ತಾಮ್ರ ಬೇಡ, ಉಪ್ಪುಗಾಳಿಗೆ ಹಸಿರು ಹಿಡಿಯುತ್ತದೆ. ಪಿವಿಸಿ ಹೊದಿಕೆಯ ವೈರಿಂಗ್ ತಂತಿಯೇ ಒಳ್ಳೆಯದು. ಜಾಯಿಂಟಿಗೆ ಬೆಸುಗೆ ಹಾಕಿ, ನೀರು ಹೋಗದಂತೆ ಟೇಪ್ ಸುತ್ತಿ. ತೆಂಗಿನ ಮರಕ್ಕೆ ಬಿಗಿಯಾಗಿ ಕಟ್ಟಿದರೆ ಮೊದಲ ಗಾಳಿಗೇ ತುಂಡು. ನಡುವೆ ನೈಲಾನ್ ಹಗ್ಗ ಹಾಕಿ ಸಡಿಲ ಬಿಡಿ. ಸಿಡಿಲಿನ ಕಾಲದಲ್ಲಿ ಕೇಳಿ ಮುಗಿದ ಕೂಡಲೇ ವೈರ್ ಕಳಚಿ ಮನೆಯ ಹೊರಗಿಡಿ, ಗುಡುಗು ಕೇಳಿದ ಮೇಲೆ ಅದನ್ನು ಮುಟ್ಟಲಿಕ್ಕೆ ಹೋಗಬೇಡಿ.